ಸೋತಿದ್ದು ಕೈಯಿಂದಲೋ, ನೆಟ್‌ನಿಂದಲೋ? ಮರಿಯಮ್ಮನಹಳ್ಳಿಯಿಂದ ಒಂದು ರೇಸ್ ಪಾಠ

ಹೋದ ತಿಂಗಳು ಮರಿಯಮ್ಮನಹಳ್ಳಿಯ ಅಕ್ಕನ ಮನೆಗೆ ಹೋಗಿದ್ದೆ. ಸೋದರಳಿಯ ಹಳೇ ಲ್ಯಾಪ್‌ಟಾಪ್ ಮುಂದೆ ಕೂತು 'ಬ್ಯಾಲಿಸ್ಟಿಕ್‌ಎನ್‌ಜಿ' ಆಡ್ತಿದ್ದ. ನೆಲ ಮುಟ್ಟದೆ ತೇಲುವ ನೌಕೆಗಳ ರೇಸ್ ಅದು. ಒಂದೊಂದು ತಿರುವಿಗೂ ಗೋಡೆಗೆ ಗುದ್ದು. ಕೇಳಿದ್ರೆ, "ಮಾಮಾ, ನೆಟ್ ಸರಿಯಿಲ್ಲ" ಅಂದ.

ನೆಟ್ ಆಫ್ ಮಾಡಿಸಿ, ಒಬ್ಬನೇ ಆಡು ಅಂದೆ. ಆಗಲೂ ಗೋಡೆಗೇ ಗುದ್ದಿದ!

ನಗಬೇಡಿ. ಅವನು ಹೇಳಿದ್ದರಲ್ಲಿ ಅರ್ಧ ನಿಜ ಇತ್ತು. ಯಾವ ಅರ್ಧ ಅನ್ನೋದನ್ನ ಬಿಡಿಸಿ ನೋಡೋಣ.

ಗಾಳಿಗೆ ಹಿಡಿತ ಇರಲ್ಲ

ನಿಂಟೆಂಡೊದ 'ಎಫ್-ಝೀರೋ' 1990ರಲ್ಲಿ ಬಂತು. 1995ರಲ್ಲಿ ಬ್ರಿಟನ್ನಿನ ಸಿಗ್ನೋಸಿಸ್ ಕಂಪನಿ 'ವೈಪ್‌ಔಟ್' ತಂದಿತು. ಬ್ಯಾಲಿಸ್ಟಿಕ್‌ಎನ್‌ಜಿ ಅದೇ ವೈಪ್‌ಔಟ್ ವಂಶದ ಕುಡಿ. ಇಲ್ಲಿನ ನೌಕೆಗೆ ಟೈರ್ ಇಲ್ಲ, ಆದ್ದರಿಂದ ರಸ್ತೆಯ ಹಿಡಿತವೂ ಇಲ್ಲ. ಮೂತಿ ತಿರುಗಿದ ಕೂಡಲೇ ನೌಕೆ ತಿರುಗುವುದಿಲ್ಲ. ಅದು ಹಳೇ ದಿಕ್ಕಿಗೇ ಜಾರುತ್ತಾ ಇರುತ್ತದೆ.

ಸಂಡೂರಿನ ಇಳಿಜಾರಲ್ಲಿ ಅದಿರು ತುಂಬಿದ ಲಾರಿ ಇಳಿಯೋದನ್ನ ನೋಡಿದ್ದೀರಾ? ಅನುಭವಿ ಚಾಲಕ ತಿರುವಿನ ಒಳಗೆ ಹೋಗಿ ಬ್ರೇಕ್ ತುಳಿಯಲ್ಲ, ಮುಂಚೆಯೇ ವೇಗ ಇಳಿಸಿಕೊಂಡಿರುತ್ತಾನೆ. ತೇಲುವ ನೌಕೆಗೂ ಅದೇ ಸೂತ್ರ. ಅದಕ್ಕೆ ಎಡ, ಬಲ ಎರಡು ಏರ್‌ಬ್ರೇಕ್ ಇರುತ್ತವೆ. ಎಡ ತಿರುವಿಗೆ ಎಡದ್ದು, ಬಲ ತಿರುವಿಗೆ ಬಲದ್ದು, ಅದೂ ತಿರುವು ಶುರುವಾಗುವ ಮುಂಚೆ. ಮೂತಿ ಹೊರದಾರಿಯ ಕಡೆಗೆ ನೇರವಾಯ್ತು ಅನ್ನುವಾಗ ಬಿಟ್ಟುಬಿಡಿ. ಹೊಸಬರು ಒತ್ತೋದು ತಡ, ಬಿಡೋದು ಇನ್ನೂ ತಡ.

ಬ್ರೇಕ್ ಒತ್ತಿದರೆ ವೇಗ ಹೋಗುತ್ತೆ ಅನ್ನೋ ಭಯ ಎಲ್ಲರಿಗೂ ಇದೆ. ಹೋಗುತ್ತೆ, ನಿಜ. ಆದರೆ ಗೋಡೆಗೆ ಒರೆಸಿದಾಗ ಅದಕ್ಕಿಂತ ಹೆಚ್ಚು ಹೋಗುತ್ತೆ. ತಿರುವಿಗೆ ಎಷ್ಟು ಜೋರಾಗಿ ನುಗ್ಗಿದಿರಿ ಅನ್ನೋದು ಲೆಕ್ಕಕ್ಕಿಲ್ಲ. ಅದರಿಂದ ಎಷ್ಟು ವೇಗವಾಗಿ ಹೊರಬಂದಿರಿ ಅನ್ನೋದೇ ಮುಂದಿನ ನೇರ ದಾರಿ ಪೂರ್ತಿ ಉಳಿಯೋದು.

ಕಣ್ಣು ಎಲ್ಲಿರಬೇಕು?

ಎಂಜಿನಿಯರಿಂಗ್ ಬಿಟ್ಟರೂ ಲೆಕ್ಕ ಬಿಟ್ಟಿಲ್ಲ. ನೌಕೆ ಗಂಟೆಗೆ 1000 ಕಿ.ಮೀ. ವೇಗದಲ್ಲಿದೆ ಅಂದುಕೊಳ್ಳಿ. ಅಂದರೆ ಸೆಕೆಂಡಿಗೆ 278 ಮೀಟರ್. ಕಣ್ಣಿಗೆ ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸುಮಾರು ಕಾಲು ಸೆಕೆಂಡ್ ಬೇಕು. ಅಷ್ಟರಲ್ಲಿ 70 ಮೀಟರ್ ಮುಗಿದಿರುತ್ತೆ. ಹಾಗಾಗಿ ನೌಕೆಯನ್ನೇ ನೋಡ್ತಾ ಆಡೋನು ಯಾವಾಗಲೂ ಹಳೇ ಸುದ್ದಿ ಓದ್ತಿರ್ತಾನೆ. ಕಣ್ಣು ಮುಂದಿನ ತಿರುವಿನ ಮೇಲಿರಲಿ.

ಸೆಕೆಂಡಿಗೆ 30 ಚಿತ್ರ ತೋರಿಸುವ ಪರದೆಯಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ ನೌಕೆ 9 ಮೀಟರ್ ಹಾರಿರುತ್ತೆ. 60 ಚಿತ್ರ ಇದ್ದರೆ ನಾಲ್ಕೂವರೆ ಮೀಟರ್ ಚಿಲ್ಲರೆ. ಆದ್ದರಿಂದ ಗ್ರಾಫಿಕ್ಸ್ ಚೆಂದ ಕಮ್ಮಿ ಮಾಡಿ, ಚಿತ್ರಗಳ ಸಂಖ್ಯೆ ಹೆಚ್ಚಿಸಿಕೊಳ್ಳಿ. ಇದಕ್ಕೆ ದುಡ್ಡು ಬೇಕಿಲ್ಲ.

ತಾಲೀಮು ಊರಿಗೆ ಗೊತ್ತಿರೋದೇ

ಮರಿಯಮ್ಮನಹಳ್ಳಿ ನಾಟಕದ ಊರು. ನಾಟಕ ಕಲಿಯುವಾಗ ಯಾರೂ ದಿನವೂ ಮೊದಲಿಂದ ಕೊನೆತನಕ ಆಡಿ ಮುಗಿಸಲ್ಲ. ತಪ್ಪೋ ದೃಶ್ಯವನ್ನೇ ಹತ್ತು ಸಲ ಮಾಡ್ತಾರೆ. ಅಳಿಯನಿಗೂ ಅದನ್ನೇ ಹೇಳಿದೆ. ಟೈಮ್ ಟ್ರಯಲ್ ತೆಗಿ, ಎದುರಾಳಿ ಬೇಡ, ಒಂದೇ ಟ್ರ್ಯಾಕ್. ಮೊದಲು ನಿಧಾನವಾಗಿ, ಒಂದು ಸಲವೂ ಗೋಡೆ ಮುಟ್ಟದೆ ಮೂರು ಸುತ್ತು. ಆಮೇಲೆ ವೇಗ. 'ಘೋಸ್ಟ್' ಅಂದರೆ ನಿನ್ನದೇ ಹಿಂದಿನ ಉತ್ತಮ ಓಟದ ನೆರಳು. ಅದು ಎಲ್ಲಿ ನಿನ್ನ ಮುಂದೆ ಹೋಗುತ್ತೋ ಅಲ್ಲೇ ನಿನ್ನ ತಪ್ಪಿದೆ.

ನಾಲ್ಕು ದಿನದಲ್ಲಿ ಹುಡುಗ ಗುದ್ದೋದು ಬಿಟ್ಟ. ಆಮೇಲೆ ಆನ್‌ಲೈನ್ ಹೋದ. ಮತ್ತೆ ಸೋತ.

ಉಳಿದ ಅರ್ಧ

ಈ ಸಲ ತಪ್ಪು ಕೈಯದ್ದಲ್ಲ. ಎದುರಾಳಿ ನೌಕೆ ಇದ್ದಕ್ಕಿದ್ದಂತೆ ಜಿಗಿಯುತ್ತಿತ್ತು, ಕಂಡ ಜಾಗದಲ್ಲಿ ಇರುತ್ತಲೇ ಇರಲಿಲ್ಲ. ಪಿಂಗ್ ಒಮ್ಮೆ 60 ಮಿಲಿಸೆಕೆಂಡ್, ಮರುಕ್ಷಣ 300.

'ಹಳ್ಳಿ ದೂರ, ಅದಕ್ಕೇ ಹಿಂಗೆ' ಅಂತಾರೆ. ಲೆಕ್ಕ ಹಾಕಿ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹೊಸಪೇಟೆಯಿಂದ ಬೆಂಗಳೂರು ಸುಮಾರು 350 ಕಿ.ಮೀ. ಹೋಗಿ ಬರಲು ಬೆಳಕಿಗೆ 4 ಮಿಲಿಸೆಕೆಂಡ್ ಸಾಕು. ಮಿಕ್ಕಿದ ತಡವೆಲ್ಲ ಕಿಕ್ಕಿರಿದ ಟವರ್, ಸುತ್ತುಬಳಸಿನ ದಾರಿ, ಎಲ್ಲೋ ಇಟ್ಟಿರುವ ಸರ್ವರ್ ಇವುಗಳದ್ದು. ಇದರಲ್ಲಿ ಭೂಗೋಳದ ಪಾಲು ಕಮ್ಮಿ, ಯಾರ ಊರಿಗೆ ಎಷ್ಟು ಖರ್ಚು ಮಾಡಬೇಕು ಅನ್ನೋ ತೀರ್ಮಾನದ ಪಾಲು ಜಾಸ್ತಿ.

2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿತು. ಅನಿಮೇಶನ್ ಮತ್ತು ಗೇಮಿಂಗ್‌ಗೆ ಅಂತಲೇ ನಮ್ಮ ರಾಜ್ಯದಲ್ಲೂ 2024–29ರ ನೀತಿ ಇದೆ. ಸರಿ. ಆದರೆ ಸ್ಥಿರವಾದ ನೆಟ್ ಇಲ್ಲದ ಊರಿನ ಆಟಗಾರನಿಗೆ ಆ ಮಾನ್ಯತೆ ತಲುಪೋದು ಹೇಗೆ? ಇದೇ ಊರಿನ ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ಪಡೆದರು. ಪ್ರತಿಭೆ ಇಲ್ಲಿ ಯಾವತ್ತೂ ಕಮ್ಮಿ ಇರಲಿಲ್ಲ. ಕಮ್ಮಿ ಇದ್ದದ್ದು ಅದನ್ನ ಹೊರಗೆ ಒಯ್ಯುವ ದಾರಿ.

ಹಾಗಾಗಿ ಸೋತಾಗ ಮೊದಲು ಘೋಸ್ಟ್ ಜೊತೆ ಓಡಿ. ಅಲ್ಲೂ ಸೋತರೆ ತಾಲೀಮು ಮಾಡಿ, ನೆಪ ಬೇಡ. ಅಲ್ಲಿ ಗೆದ್ದು ಆನ್‌ಲೈನ್‌ನಲ್ಲಿ ಮಾತ್ರ ಸೋಲ್ತಿದ್ದೀರಾ? ನಿಮ್ಮನ್ನ ನೀವು ಬೈಕೋಬೇಡಿ. ಪಿಂಗ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡು, ಕೇಳಬೇಕಾದವರನ್ನ ಕೇಳಿ.