ಟಿವಿ ಕೆಟ್ಟರೆ 'ಹೊಸದೇ ತಗೊಳ್ಳಿ' ಅಂತಾರಲ್ಲ, ಏಕೆ?

ಕರ್ನಾಟಕದ ಯಾವುದೇ ಊರಿನ ಟಿವಿ ರಿಪೇರಿ ಅಂಗಡಿಯಲ್ಲಿ ಅರ್ಧ ಗಂಟೆ ಕೂತರೆ ಸಾಕು, ಬರುವ ದೂರುಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. 'ಸೌಂಡ್ ಬರುತ್ತೆ, ಪಿಕ್ಚರ್ ಇಲ್ಲ.' 'ಪರದೆ ಮೇಲೆ ಉದ್ದಕ್ಕೆ ಗೆರೆ ಬಂದಿದೆ.' 'ಕೆಂಪು ಲೈಟ್ ಉರಿಯುತ್ತೆ, ಆನ್ ಆಗಲ್ಲ.' 'ಯೂಟ್ಯೂಬ್ ಓಪನ್ ಆಗೋಕೇ ಎರಡು ನಿಮಿಷ ಬೇಕು.' ಟಿವಿ ತಗೊಂಡು ಎಷ್ಟು ವರ್ಷ ಆಯ್ತು ಅಂತ ಕೇಳಿದರೆ ಮೂರು, ನಾಲ್ಕು, ಹೆಚ್ಚೆಂದರೆ ಐದು ಅಂತಾರೆ. ವಾರಂಟಿ ಮುಗಿದಿರುತ್ತದೆ. ಕಂಪನಿಯ ಸರ್ವೀಸ್‌ನವರು ಆಗಲೇ ಬಂದು ನೋಡಿ, 'ಪ್ಯಾನೆಲ್ ಹೋಗಿದೆ ಸರ್, ಹಾಕಿಸೋದಕ್ಕಿಂತ ಹೊಸದೇ ವಾಸಿ' ಎಂದು ಹೇಳಿ ಹೋಗಿರುತ್ತಾರೆ.

ಈ ಮಾತು ಕೆಲವು ಸಲ ಪೂರ್ತಿ ನಿಜ, ಬಹಳಷ್ಟು ಸಲ ಅರ್ಧ ನಿಜ. ಅದೇ ಮಾತನ್ನು ನಂಬಿ, ರಿಪೇರಿಯಾಗುತ್ತಿದ್ದ ಟಿವಿಯನ್ನು ಗುಜರಿಗೆ ಹಾಕಿ ಮತ್ತೊಂದು ಇಎಂಐ ಹೊತ್ತುಕೊಳ್ಳುವ ಮನೆಗಳು ಕಮ್ಮಿಯೇನಿಲ್ಲ. ಹಾಗಾಗಿ ಡಬ್ಬದ ಒಳಗೆ ಏನಿದೆ ಎಂದು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು.

'ಎಲ್‌ಇಡಿ ಟಿವಿ' ಎಂಬ ಹೆಸರೇ ದಾರಿ ತಪ್ಪಿಸುವಂಥದ್ದು. ಚಿತ್ರ ಮೂಡಿಸುವುದು ಎಲ್‌ಸಿಡಿ ಗಾಜು, ಅದನ್ನೇ ಪ್ಯಾನೆಲ್ ಅನ್ನೋದು. ಆ ಗಾಜಿಗೆ ಸ್ವಂತ ಬೆಳಕಿಲ್ಲ. ಅದರ ಹಿಂದೆಯೋ ಅಂಚಿನಲ್ಲೋ ಸಾಲಾಗಿ ಜೋಡಿಸಿದ ಪುಟ್ಟ ಎಲ್‌ಇಡಿ ಬಲ್ಬುಗಳು ಬೆಳಕು ಕೊಡುತ್ತವೆ. ಇದು ಬ್ಯಾಕ್‌ಲೈಟ್. ಗಣೇಶನ ಪೆಂಡಾಲಿಗೆ ಹಾಕುವ ಸೀರಿಯಲ್ ಸೆಟ್ ನೋಡಿದ್ದೀರಲ್ಲ, ಒಂದು ಬಲ್ಬ್ ಹೋದರೆ ಇಡೀ ಸಾಲು ಆರಿಹೋಗುತ್ತದೆ. ಇಲ್ಲಿ ಆಗುವುದೂ ಅದೇ. ಹತ್ತಾರು ಎಲ್‌ಇಡಿಗಳಲ್ಲಿ ಒಂದು ಸುಟ್ಟರೆ ಆ ಸಾಲಿಗೆ ಕರೆಂಟ್ ಹರಿಯುವುದು ನಿಲ್ಲುತ್ತದೆ, ಡ್ರೈವರ್ ಸರ್ಕ್ಯೂಟ್ ಅದನ್ನು ಗುರುತಿಸಿ ಇಡೀ ಬೆಳಕನ್ನೇ ಆಫ್ ಮಾಡಿಬಿಡುತ್ತದೆ. ಧ್ವನಿ ಮಾತ್ರ ಬರುತ್ತಿರುತ್ತದೆ. ಮನೆಯವರು 'ಪರದೆ ಸತ್ತುಹೋಯ್ತು' ಅಂದುಕೊಳ್ಳುತ್ತಾರೆ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ರಾತ್ರಿ ಕೋಣೆಯ ಲೈಟ್ ಆರಿಸಿ, ಟಿವಿ ಆನ್ ಮಾಡಿ, ಮೊಬೈಲ್ ಟಾರ್ಚನ್ನು ಪರದೆಗೆ ಹತ್ತಿರ ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಓಡಾಡುವುದು ಕಂಡರೆ ಪ್ಯಾನೆಲ್ ಬದುಕಿದೆ, ಹೋಗಿರುವುದು ಬೆಳಕು ಮಾತ್ರ. ಎಲ್‌ಇಡಿ ಪಟ್ಟಿಗಳ ಸೆಟ್ ಬದಲಿಸುವುದು ಹೊಸ ಪ್ಯಾನೆಲ್‌ಗೆ ಹೋಲಿಸಿದರೆ ಬಹಳ ಅಗ್ಗದ ಕೆಲಸ. ಒಂದು ಎಚ್ಚರಿಕೆ ಇದೆ. ಪಟ್ಟಿ ಬದಲಿಸಲು ಗಾಜನ್ನು ಪೂರ್ತಿ ಎತ್ತಿ ಪಕ್ಕಕ್ಕಿಡಬೇಕು. 43 ಇಂಚು, 55 ಇಂಚಿನ ಗಾಜು ಹಪ್ಪಳದಂತೆ, ಒಬ್ಬರೇ ಎತ್ತಿದರೆ ಬಿರುಕು ಬಿಡುತ್ತದೆ. ಗಾಜು ಒಡೆದರೆ ಜವಾಬ್ದಾರಿ ಯಾರದ್ದು ಎಂದು ಬಿಚ್ಚುವ ಮುಂಚೆಯೇ ಮಾತಾಡಿಕೊಳ್ಳಿ. ಬಿಚ್ಚಿದ ಮೇಲೆ ಕೇಳಿದರೆ ಜಗಳವೇ ಆಗೋದು.

ಬ್ಯಾಕ್‌ಲೈಟ್ ಇಷ್ಟು ಬೇಗ ಏಕೆ ಹೋಗುತ್ತದೆ? ಎಲ್‌ಇಡಿಯ ಆಯಸ್ಸು 30,000 ಗಂಟೆ, 50,000 ಗಂಟೆ ಎಂದೆಲ್ಲ ಹೇಳುತ್ತಾರೆ. ದಿನಕ್ಕೆ 5 ಗಂಟೆ ನೋಡಿದರೂ 30,000 ಗಂಟೆ ಅಂದರೆ 16 ವರ್ಷ! ಆದರೆ ಈ ಲೆಕ್ಕ ನಿಗದಿತ ಉಷ್ಣತೆಯಲ್ಲಿ ಎಲ್‌ಇಡಿಯ ಬೆಳಕು ಮೆಲ್ಲಗೆ ಇಷ್ಟರ ಮಟ್ಟಿಗೆ ಕುಗ್ಗಲು ಹಿಡಿಯುವ ಕಾಲದ್ದು. ಬಿಸಿಗೆ ಬೆಸುಗೆ ಬಿಟ್ಟು, ಒಂದು ಬಲ್ಬ್ ಪಟ್ಟನೆ ಸಾಯುವುದು ಆ ಲೆಕ್ಕದಲ್ಲಿ ಬರುವುದಿಲ್ಲ. ಅಗ್ಗದ ಟಿವಿಯಲ್ಲಿ ಕಮ್ಮಿ ಎಲ್‌ಇಡಿ ಹಾಕಿ, ಒಂದೊಂದಕ್ಕೂ ಜಾಸ್ತಿ ಕರೆಂಟ್ ಕೊಟ್ಟು ಬೆಳಕು ಹೊಂದಿಸುವುದುಂಟು. ಅದರ ಮೇಲೆ ಅಂಗಡಿಯಲ್ಲಿ ಕಣ್ಣು ಕುಕ್ಕಲೆಂದು ಇಟ್ಟಿದ್ದ 'ವಿವಿಡ್' ಮೋಡ್‌ನಲ್ಲೇ ನಾವು ಮನೆಯಲ್ಲೂ ವರ್ಷಗಟ್ಟಲೆ ನೋಡುತ್ತೇವೆ. ಸೆಟ್ಟಿಂಗ್ಸ್‌ಗೆ ಹೋಗಿ ಬ್ಯಾಕ್‌ಲೈಟ್ ಅನ್ನು 100ರಿಂದ 50–60ಕ್ಕೆ ಇಳಿಸಿದರೆ ಚಿತ್ರದಲ್ಲಿ ಎರಡು ದಿನ ವ್ಯತ್ಯಾಸ ಅನ್ನಿಸುತ್ತೆ, ಆಮೇಲೆ ಅಭ್ಯಾಸವಾಗುತ್ತೆ. ಟಿವಿಯ ಆಯಸ್ಸು ಹೆಚ್ಚಿಸಲು ನಮ್ಮ ಕೈಯಲ್ಲಿರುವ, ಕಾಸು ಖರ್ಚಿಲ್ಲದ ಉಪಾಯ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಇನ್ನು ಗೆರೆಗಳ ವಿಚಾರ. ಗಾಜಿನ ಅಂಚಿಗೆ ತೆಳ್ಳನೆಯ, ಮಡಚಬಹುದಾದ ರಿಬ್ಬನ್‌ಗಳನ್ನು ಅಂಟಿಸಿರುತ್ತಾರೆ, ಅವುಗಳ ಮೇಲೆಯೇ ಚಿಪ್ ಕೂತಿರುತ್ತದೆ. ಬಿಸಿ, ತೇವಕ್ಕೆ ಈ ಅಂಟು ಬಿಟ್ಟುಕೊಂಡರೆ ಉದ್ದನೆಯ ಗೆರೆ ಬರುತ್ತದೆ, ಪರದೆಯ ಒಂದು ಪಟ್ಟಿಯೇ ಕಪ್ಪಾಗುತ್ತದೆ. ಪರದೆ ಒರೆಸುವಾಗ ನೀರನ್ನು ನೇರ ಸಿಂಪಡಿಸಿದರೆ ಅದು ಕೆಳಗಿಳಿದು ಸೇರುವುದು ಅಂಚಿನ ಈ ಭಾಗಕ್ಕೇ. ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ ಒರೆಸಬೇಕು. ಇದನ್ನು ಸರಿಮಾಡಲು ಬಾಂಡಿಂಗ್ ಮಷೀನ್ ಬೇಕು. ದೊಡ್ಡ ಊರುಗಳ ಕೆಲವು ಅಂಗಡಿಗಳಲ್ಲಿ ಅದಿದೆ, ಆದರೆ ಮಾಡಿಸಿದ್ದು ಎಷ್ಟು ದಿನ ನಿಲ್ಲುತ್ತದೆ ಎಂಬುದಕ್ಕೆ ಖಾತ್ರಿಯಿಲ್ಲ. ಗೆರೆ ಬಂದಾಗ ಅದು ಟಿ-ಕಾನ್ ಎಂಬ ಸಣ್ಣ ಬೋರ್ಡಿನ ಸಮಸ್ಯೆಯೂ ಆಗಿರಬಹುದು, ಅದಾದರೆ ಬದಲಿಸುವುದು ಸುಲಭ. ಹಾಗಾಗಿ 'ಪ್ಯಾನೆಲ್' ಅಂದ ಕೂಡಲೇ ಒಪ್ಪಿಕೊಳ್ಳದೆ, ಟಿ-ಕಾನ್ ಚೆಕ್ ಮಾಡಿದ್ರಾ ಅಂತ ಒಂದು ಮಾತು ಕೇಳಿ.

ನಿಜಕ್ಕೂ ಗಾಜೇ ಹೋಗಿದ್ದರೆ ಮಾತ್ರ 'ಹೊಸದೇ ವಾಸಿ' ಎಂಬ ಲೆಕ್ಕ ಸರಿ. ಟಿವಿಯ ತಯಾರಿಕಾ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪ್ಯಾನೆಲ್‌ನದ್ದೇ. ಭಾರತದಲ್ಲಿ ಮಾರಾಟವಾಗುವ ಟಿವಿಗಳಿಗೆ ಅದು ಬಹುತೇಕ ಚೀನಾ ಮುಂತಾದ ಕಡೆಯಿಂದ 'ಓಪನ್ ಸೆಲ್' ರೂಪದಲ್ಲಿ ಬರುತ್ತದೆ, ಇಲ್ಲಿ ಆಗುವುದು ಜೋಡಣೆ. ಸ್ಯಾಮ್‌ಸಂಗ್‌ನಂಥ ಸ್ಯಾಮ್‌ಸಂಗ್ ಕೂಡ 2022ರಲ್ಲಿ ಎಲ್‌ಸಿಡಿ ಪ್ಯಾನೆಲ್ ತಯಾರಿಕೆ ಬಿಟ್ಟಿದೆ. ಕೊಡಾಕ್, ಥಾಮ್ಸನ್ ಎಂದು ನಾವು ಕೊಳ್ಳುವ ಟಿವಿಗಳನ್ನು ಆ ಹೆಸರಿನ ಲೈಸೆನ್ಸ್ ಪಡೆದು ಇಲ್ಲಿ ತಯಾರಿಸುವುದು ನೋಯ್ಡಾದ ಸೂಪರ್ ಪ್ಲಾಸ್ಟ್ರಾನಿಕ್ಸ್ ಕಂಪನಿ. ಇದರಲ್ಲಿ ಮೋಸವೇನಿಲ್ಲ, ಲೈಸೆನ್ಸ್ ವ್ಯವಹಾರ ಇರುವುದೇ ಹಾಗೆ. ಆದರೆ 'ಹಳೇ ಬ್ರಾಂಡು, ಬಾಳಿಕೆ ಬರುತ್ತೆ' ಎನ್ನುವ ನಮ್ಮ ಅಪ್ಪಂದಿರ ಕಾಲದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪಿಕ್ಚರ್ ಟ್ಯೂಬ್ ಕಾಲದಲ್ಲಿ ಬಿಪಿಎಲ್, ಒನಿಡಾ ಟಿವಿ ಕೆಟ್ಟರೆ ಮೆಕ್ಯಾನಿಕ್ ಸೈಕಲ್ಲಿನಲ್ಲಿ ಬಂದು, ಬೆಸುಗೆ ಹಾಕಿ, ಟಿವಿ ತಲೆಗೆ ಒಂದು ಪೆಟ್ಟು ಕೊಟ್ಟು ಸರಿಮಾಡಿ ಹೋಗುತ್ತಿದ್ದ. ಈಗಿನದ್ದು ಆ ಪೆಟ್ಟು ತಡೆಯುವ ಜಾತಿಯದ್ದಲ್ಲ.

ಕರೆಂಟು, ಸಿಡಿಲು ಮತ್ತು ವಾರಂಟಿ ಕಾರ್ಡಿನ ಸಣ್ಣ ಅಕ್ಷರ

ಟಿವಿಯ ಪವರ್ ಸಪ್ಲೈ ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ಕೆಲಸ ಮಾಡುವಂತೆ ಇರುತ್ತದೆ. ಹಾಗಾಗಿ ಲೋ ವೋಲ್ಟೇಜ್ ಅಷ್ಟು ದೊಡ್ಡ ಶತ್ರುವಲ್ಲ. ಭಯ ಪಡಬೇಕಾದ್ದು ಕರೆಂಟ್ ಹೋಗಿ ಬಂದಾಗಿನ ಏರಿಕೆಗೆ, ಸಿಡಿಲಿಗೆ, ಮತ್ತು ಬೀದಿಯಲ್ಲಿ ನ್ಯೂಟ್ರಲ್ ತಂತಿ ಕಡಿದಾಗ ಮನೆಗೆ ನುಗ್ಗುವ 300–400 ವೋಲ್ಟ್‌ಗೆ. ಅಂಥ ದಿನ ಒಂದೇ ಬೀದಿಯ ಹತ್ತಾರು ಮನೆಗಳ ಟಿವಿ, ಫ್ರಿಜ್, ಚಾರ್ಜರ್ ಎಲ್ಲ ಒಟ್ಟಿಗೆ ಸುಡುತ್ತವೆ.

ಮಲೆನಾಡು, ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಏಪ್ರಿಲ್–ಮೇ ತಿಂಗಳ ಗುಡುಗು ಶುರುವಾದರೆ ಅಲ್ಲಿ ಮೊದಲು ಮಾಡುವ ಕೆಲಸ ಪ್ಲಗ್ ಕೀಳುವುದು. ಆದರೆ ಪ್ಲಗ್ ಕಿತ್ತರೂ ಟಿವಿ ಸುಟ್ಟಿತು ಎನ್ನುವವರಿದ್ದಾರೆ. ಕಾರಣ ಡಿಶ್ ಕೇಬಲ್. ಮಹಡಿಯ ಮೇಲಿನ ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ವೈರಿನಲ್ಲಿ ಟಿವಿಯ ಮದರ್‌ಬೋರ್ಡಿಗೆ ಹೊಡೆತ ಬರುತ್ತದೆ. ಕೇಬಲ್ಲನ್ನೂ ಕೀಳಬೇಕು. ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಸರ್ಜ್ ಪ್ರೊಟೆಕ್ಟರ್ ಹಾಕಿಯೂ ಅಷ್ಟಾಗಿ ಉಪಯೋಗವಿಲ್ಲ.

ಕಲಬುರಗಿ, ರಾಯಚೂರಿನ ಕಡೆ ಬೇರೆ ಕಥೆ. ಪವರ್ ಸಪ್ಲೈ ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಆಯಸ್ಸು ಪ್ರತಿ 10 ಡಿಗ್ರಿ ಬಿಸಿ ಏರಿದಂತೆ ಸುಮಾರು ಅರ್ಧಕ್ಕಿಳಿಯುತ್ತದೆ ಎನ್ನುವುದು ಎಲೆಕ್ಟ್ರಾನಿಕ್ಸ್‌ನವರ ರೂಢಿಯ ಲೆಕ್ಕ. ಬೇಸಿಗೆಯಲ್ಲಿ ಹೊರಗೇ 42 ಡಿಗ್ರಿ ಇರುವಾಗ, ಶೀಟಿನ ಮನೆಯ ಗೋಡೆಗೆ ಒತ್ತಿ ಕೂರಿಸಿದ ಟಿವಿಯ ಒಳಗೆ ಎಷ್ಟಿರಬೇಡ? ಗೋಡೆಗೂ ಟಿವಿಗೂ ನಾಲ್ಕು ಬೆರಳು ಜಾಗವಾದರೂ ಇರಲಿ.

ಇಷ್ಟೆಲ್ಲ ನಡೆಯುವ ದೇಶದಲ್ಲಿ ವಾರಂಟಿ ಕಾರ್ಡುಗಳು ಸಾಮಾನ್ಯವಾಗಿ ಹೊರಗಿಡುವುದು ಇವನ್ನೇ: ವೋಲ್ಟೇಜ್ ಏರಿಳಿತ, ಸಿಡಿಲು, ತೇವ, ಹಲ್ಲಿ–ಜಿರಳೆ. ದುಡ್ಡು ಕೊಟ್ಟು ಕೊಳ್ಳುವ 'ಎಕ್ಸ್‌ಟೆಂಡೆಡ್ ವಾರಂಟಿ'ಯಲ್ಲೂ ಎಷ್ಟೋ ಸಲ ಇದೇ ಪಟ್ಟಿ ಇರುತ್ತದೆ. ಅದನ್ನು ಕೊಡುತ್ತಿರುವುದು ಟಿವಿ ಕಂಪನಿಯೋ, ಅಂಗಡಿಯೋ, ಮೂರನೆಯವರೋ ಎಂದು ನೋಡಿಯೇ ದುಡ್ಡು ಕಟ್ಟಿ.

ಗಾಜು ಚೆನ್ನಾಗಿದೆ, ಆದರೂ ಟಿವಿ ಮುದಿಯಾಯ್ತು

ಸ್ಮಾರ್ಟ್ ಟಿವಿ ಇನ್ನೊಂದು ಬಗೆಯಲ್ಲೂ ಕೆಡುತ್ತದೆ. 1 ಜಿಬಿ ರ್‍ಯಾಮ್, 8 ಜಿಬಿ ಸ್ಟೋರೇಜ್ ಇರುವ ಅಗ್ಗದ ಟಿವಿಯಲ್ಲಿ ಆ್ಯಪ್‌ಗಳು ವರ್ಷ ವರ್ಷ ದೊಡ್ಡದಾಗುತ್ತಾ ಹೋಗುತ್ತವೆ, ಟಿವಿ ಹಾಗೇ ಇರುತ್ತದೆ. 2019ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ 2010–11ರ ಕೆಲವು ಸ್ಯಾಮ್‌ಸಂಗ್ ಸ್ಮಾರ್ಟ್ ಟಿವಿಗಳಲ್ಲಿ ಕೆಲಸ ಮಾಡುವುದನ್ನೇ ನಿಲ್ಲಿಸಿತು. ಆ ಟಿವಿಗಳ ಪರದೆಗೆ ಏನೂ ಆಗಿರಲಿಲ್ಲ. ಇಂಥ ತೊಂದರೆಗೆ ಟಿವಿ ಬದಲಿಸಬೇಕಿಲ್ಲ, ಎಚ್‌ಡಿಎಂಐಗೆ ಚುಚ್ಚುವ ಒಂದು ಸ್ಟಿಕ್ ಸಾಕು. ನಿಜ ಹೇಳಬೇಕೆಂದರೆ 'ಟಿವಿ ಸ್ಲೋ ಆಗಿದೆ' ಎಂದು ಹೊಸದು ಕೊಳ್ಳುವುದು, ರೇಡಿಯೋ ಕೆಟ್ಟಿತೆಂದು ಕಾರು ಮಾರಿದ ಹಾಗೆ.

ಕೊಳ್ಳುವ ಮುಂಚೆಯೇ ಬಾಳಿಕೆ ತಿಳಿಯುವ ದಾರಿ ಇಲ್ಲವೇ? ಆನ್‌ಲೈನ್ ರಿವ್ಯೂ ನೋಡುತ್ತೇವೆ. ಬಹಳಷ್ಟು ಜನ ಅವನ್ನು ಬರೆಯುವುದು ಟಿವಿ ಬಂದ ಮೊದಲ ವಾರ. 'ಡೆಲಿವರಿ ಬೇಗ ಬಂತು, ಪಿಕ್ಚರ್ ಸೂಪರ್' ಎಂದು ಐದು ಸ್ಟಾರ್. ಟಿವಿ ಕೆಡುವುದು ಮೂರನೇ ವರ್ಷ, ಅಷ್ಟು ಹೊತ್ತಿಗೆ ಆ ಮಾಡೆಲ್ಲೇ ಮಾರುಕಟ್ಟೆಯಲ್ಲಿ ಇರುವುದಿಲ್ಲ. 32 ಇಂಚು, 43 ಇಂಚು, 55 ಇಂಚಿನ ರಿವ್ಯೂಗಳನ್ನೆಲ್ಲ ಒಂದೇ ರಾಶಿಗೆ ಹಾಕಿರುವುದೂ ಉಂಟು. ಒಂದೇ ಮಾಡೆಲ್ ನಂಬರಿನಲ್ಲಿ ಬೇರೆ ಬೇರೆ ತಯಾರಕರ ಪ್ಯಾನೆಲ್ ಬರುವುದೂ ಇದೆ. ಐದು ವರ್ಷ ಸುಮ್ಮನೆ ಓಡಿದ ಟಿವಿಯ ಯಜಮಾನ ಏನನ್ನೂ ಬರೆಯುವುದಿಲ್ಲ ಎನ್ನುವುದನ್ನೂ ಮರೆಯಬಾರದು, ಅಂದರೆ ದೂರುಗಳ ರಾಶಿಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಒಂದು ಸ್ಟಾರ್, ಎರಡು ಸ್ಟಾರ್ ಕೊಟ್ಟವರ ಬರಹದಲ್ಲಿ 'ಎಷ್ಟು ತಿಂಗಳಿಗೆ, ಏನಾಯ್ತು, ಸರ್ವೀಸ್‌ನವರು ಎಷ್ಟು ದಿನಕ್ಕೆ ಬಂದರು' ಎಂಬ ಮೂರು ವಿವರ ಇದ್ದರೆ ಅದು ಓದಲು ಯೋಗ್ಯ.

ಡಬ್ಬದ ಮೇಲಿನ ಲೇಬಲ್‌ಗಳೂ ಇಲ್ಲಿ ನೆರವಿಗೆ ಬರುವುದಿಲ್ಲ. ಬಿಇಇ ಸ್ಟಾರ್ ಹೇಳುವುದು ಕರೆಂಟ್ ಖರ್ಚನ್ನು. ಬಿಐಎಸ್ ನೋಂದಣಿ ಹೇಳುವುದು ಶಾಕ್, ಬೆಂಕಿಯಂಥ ಅಪಾಯದಿಂದ ಸುರಕ್ಷತೆಯನ್ನು. ಎಷ್ಟು ವರ್ಷ ಬಾಳುತ್ತೆ, ಬಿಡಿಭಾಗ ಎಷ್ಟು ವರ್ಷ ಸಿಗುತ್ತೆ ಎನ್ನುವುದಕ್ಕೆ ಲೇಬಲ್ಲೇ ಇಲ್ಲ.

ಯುರೋಪ್ ಒಕ್ಕೂಟ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. 2021ರ ಮಾರ್ಚ್ 1ರಿಂದ ಅಲ್ಲಿ ಟಿವಿ ತಯಾರಕರು ಆ ಮಾಡೆಲ್ ಮಾರಾಟ ನಿಂತ ಮೇಲೂ ಪವರ್ ಸಪ್ಲೈ, ಕೆಪಾಸಿಟರ್, ಕನೆಕ್ಟರ್‌ಗಳನ್ನು ರಿಪೇರಿಯವರಿಗೆ ಕನಿಷ್ಠ 7 ವರ್ಷ ಒದಗಿಸಬೇಕು, ಕೇಳಿದ 15 ಕೆಲಸದ ದಿನಗಳೊಳಗೆ ಕಳಿಸಬೇಕು. ಆ ಪಟ್ಟಿಯಲ್ಲಿ ಪ್ಯಾನೆಲ್ ಮಾತ್ರ ಇಲ್ಲ. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ರೈಟ್ ಟು ರಿಪೇರ್' ಸಮಿತಿ ಮಾಡಿತು, ಅದೇ ವರ್ಷ ಡಿಸೆಂಬರ್‌ನಲ್ಲಿ ಪೋರ್ಟಲ್ ಬಂತು. ಅಲ್ಲಿರುವುದು ಮುಖ್ಯವಾಗಿ ಕಂಪನಿಗಳು ತಾವಾಗಿ ಕೊಟ್ಟ ಮಾಹಿತಿ. ಇಂತಿಷ್ಟು ವರ್ಷ ಬಿಡಿಭಾಗ ಇಡಲೇಬೇಕು ಎನ್ನುವ ಕಾನೂನು ಟಿವಿಗೆ ಇಲ್ಲಿಲ್ಲ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ವಾರಂಟಿ ಅವಧಿಯಲ್ಲಿ ಕೆಟ್ಟರೆ ಫೋನಿನಲ್ಲಿ ಹೇಳಿ ಬಿಡಬೇಡಿ. ಕಂಪ್ಲೇಂಟ್ ನಂಬರ್ ಇಟ್ಟುಕೊಳ್ಳಿ, ಇಮೇಲ್ ಮಾಡಿ, ಪರದೆಯ ವಿಡಿಯೋ ತೆಗೆದಿಡಿ. ಸರಿಯಾಗದೇ ಇದ್ದರೂ 'ಕಂಪ್ಲೇಂಟ್ ಕ್ಲೋಸ್' ಎಂದು ಮೆಸೇಜ್ ಬಂದರೆ ಅದರ ಸ್ಕ್ರೀನ್‌ಶಾಟೂ ಸಾಕ್ಷಿಯೇ. ಮೊದಲು 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರು ಆದೇಶ ಕೊಡಲಾರರು, ಕಂಪನಿಯ ಜೊತೆ ಮಾತಾಡಿಸುತ್ತಾರೆ. ಅಲ್ಲಿಗೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಕಾಯ್ದೆ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ವಕೀಲರು ಕಡ್ಡಾಯವಲ್ಲ, 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ. ತೊಂದರೆ ಎದುರಾದ 2 ವರ್ಷದೊಳಗೆ ಹಾಕಬೇಕು. ವಸ್ತುವನ್ನು ಪರೀಕ್ಷೆಗೆ ಕಳಿಸಬೇಕಾಗಿ ಬಂದರೆ 5 ತಿಂಗಳು, ಇಲ್ಲದಿದ್ದರೆ 3 ತಿಂಗಳಲ್ಲಿ ತೀರ್ಮಾನಕ್ಕೆ ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ವಾಸ್ತವದಲ್ಲಿ ಹೆಚ್ಚೇ ಆಗುತ್ತದೆ. ಬೀದಿಗೆಲ್ಲ ಹೈ ವೋಲ್ಟೇಜ್ ಬಂದು ಟಿವಿ ಸುಟ್ಟಿದ್ದರೆ ವಿದ್ಯುತ್ ಪೂರೈಕೆಯೂ ಇದೇ ಕಾಯ್ದೆಯಡಿ 'ಸೇವೆ' ಎನ್ನುವುದು ನೆನಪಿರಲಿ. ಅಂದೇ ಸೆಕ್ಷನ್ ಆಫೀಸಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ, ಅಕ್ಕಪಕ್ಕದವರೂ ಸಹಿ ಮಾಡಿದರೆ ಇನ್ನೂ ಗಟ್ಟಿ.

ಒಂದೇ ಮಾಡೆಲ್ ಒಂದೇ ರೀತಿ ಹಲವರ ಮನೆಯಲ್ಲಿ ಕೆಟ್ಟಿದ್ದರೆ ಆಯೋಗದ ಅನುಮತಿ ಪಡೆದು ಎಲ್ಲರ ಪರವಾಗಿ ಒಂದೇ ದೂರು ಹಾಕಲು ಸೆಕ್ಷನ್ 35ರಲ್ಲಿ ಅವಕಾಶವಿದೆ. ಅಮೆರಿಕದಲ್ಲಿ 2000ದ ದಶಕದ ಕೊನೆಯ ಕೆಲವು ಸ್ಯಾಮ್‌ಸಂಗ್ ಟಿವಿಗಳು ಕೆಪಾಸಿಟರ್ ದೋಷದಿಂದ ಟಕ್ ಟಕ್ ಸದ್ದು ಮಾಡುತ್ತ ಆನ್ ಆಗದೇ ಹೋದಾಗ ಗ್ರಾಹಕರು ಒಟ್ಟಾಗಿ ದಾವೆ ಹೂಡಿದರು. 2012ರಲ್ಲಿ ಕಂಪನಿ ಉಚಿತ ರಿಪೇರಿಗೆ, ಅದಾಗಲೇ ರಿಪೇರಿ ಮಾಡಿಸಿಕೊಂಡವರ ಖರ್ಚು ಕೊಡಲು ಒಪ್ಪಿ ರಾಜಿಯಾಯಿತು. ನಮ್ಮ ಊರುಗಳಲ್ಲಿ ಪ್ರತಿಯೊಬ್ಬರೂ ತಮ್ಮ ಟಿವಿಯೊಂದೇ ಕೆಟ್ಟಿತು ಅಂದುಕೊಂಡು ಸುಮ್ಮನಾಗುತ್ತಾರೆ.

ಕೊನೆಗೂ ಗಾಜೇ ಒಡೆದಿದೆ, ರಿಪೇರಿ ಸಾಧ್ಯವಿಲ್ಲ ಎಂದಾದರೆ ಟಿವಿಯನ್ನು ತೂಕಕ್ಕೆ ಹಾಕುವ ಮುಂಚೆ ನಿಮ್ಮ ಮೆಕ್ಯಾನಿಕ್‌ಗೆ ತೋರಿಸಿ. ಅದರ ಮದರ್‌ಬೋರ್ಡ್, ಪವರ್ ಸಪ್ಲೈ ಚೆನ್ನಾಗಿದ್ದರೆ ಅವಕ್ಕೆ ಬೆಲೆ ಇದೆ. ಕಂಪನಿ 'ಈ ಮಾಡೆಲ್‌ನ ಬೋರ್ಡ್ ಬರೋದು ನಿಂತಿದೆ' ಎಂದ ಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೆಕ್ಯಾನಿಕ್‌ಗಳು ಹುಡುಕುವುದು ಇಂಥ ಒಡೆದ ಟಿವಿಗಳಿಂದ ಬಿಚ್ಚಿದ ಬೋರ್ಡುಗಳನ್ನೇ. ಕೊಡುವ ಮುಂಚೆ ಗೂಗಲ್, ಯೂಟ್ಯೂಬ್ ಖಾತೆಗಳಿಂದ ಆ ಟಿವಿಯನ್ನು ಮೊಬೈಲ್ ಮೂಲಕವೇ ಸೈನ್ ಔಟ್ ಮಾಡಿಬಿಡಿ, ಪರದೆ ಇಲ್ಲದಿದ್ದರೂ ಅದು ಆಗುತ್ತದೆ.