ಮಹಾನಗರದ ಕಣ್ಣಿಗೆ ಬೀಳದವರು, ಸಣ್ಣಕತೆಗೆ ಸಿಕ್ಕವರು

ತುಮಕೂರು: ಬೆಳಕು ಹರಿಯುವ ಮುನ್ನವೇ ತುಮಕೂರಿನ ರೈಲು ನಿಲ್ದಾಣದಲ್ಲಿ ಜನ ಸೇರುತ್ತಾರೆ. ಕೈಯಲ್ಲಿ ಊಟದ ಡಬ್ಬಿ, ಹೆಗಲಿಗೆ ಚೀಲ, ಕಣ್ಣಲ್ಲಿ ಇನ್ನೂ ಉಳಿದ ನಿದ್ದೆ. ಗುಬ್ಬಿಯ ಕಡೆಯಿಂದ ಗಾಡಿ ಬರುವ ಹೊತ್ತಿಗೆ ಅದರಲ್ಲಾಗಲೇ ಸೀಟುಗಳು ತುಂಬಿರುತ್ತವೆ. ಕುಣಿಗಲ್ಲಿನ ಬಸ್ ನಿಲ್ದಾಣದಲ್ಲೂ ಇದೇ ಹೊತ್ತಿಗೆ ಇಂಥದೇ ಧಾವಂತ. ಅಂಗಡಿಯ ಲೆಕ್ಕ ಬರೆಯುವವರು, ಗಾರ್ಮೆಂಟ್ಸ್ ಹೊಲಿಗೆಯವರು, ಆಸ್ಪತ್ರೆಯ ಆಯಾಗಳು, ಎಟಿಎಂ ಬಾಗಿಲು ಕಾಯುವವರು, ಹೋಟೆಲಿನಲ್ಲಿ ತಟ್ಟೆ ತೊಳೆಯುವವರು. ಇವರೆಲ್ಲ ಸುಮಾರು 70 ಕಿ.ಮೀ. ದೂರದ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ.

ಬೆಂಗಳೂರಿಗೆ ಇವರ ಕೆಲಸ ಗೊತ್ತು, ಹೆಸರು ಗೊತ್ತಿಲ್ಲ. 2011ರ ಜನಗಣತಿ ನಡೆದಾಗ ಇವರಲ್ಲಿ ಅನೇಕರು ತಮ್ಮೂರಿನ ಲೆಕ್ಕದಲ್ಲಿ ಸೇರಿದರು. 84 ಲಕ್ಷ ಜನರ ಮಹಾನಗರದ ಲೆಕ್ಕದಲ್ಲಿ ಹಗಲು ದುಡಿದು ಹೋಗುವವರಿಗೆ ಸ್ಥಾನವಿರಲಿಲ್ಲ. ಹಾಗಾದರೆ ಇಂಥವರ ಬದುಕು ಎಲ್ಲಿ ದಾಖಲಾಗುತ್ತದೆ? ಕನ್ನಡದ ಮಟ್ಟಿಗೆ ಈ ಪ್ರಶ್ನೆಗೆ ದೊರೆಯುವ ಪ್ರಾಮಾಣಿಕ ಉತ್ತರಗಳಲ್ಲಿ ಒಂದು: ಸಣ್ಣಕತೆಯಲ್ಲಿ.

ಹಳ್ಳಿಯಿಂದ ನಗರಕ್ಕೆ ಬಂದ ಕತೆ

ಕನ್ನಡದ ಸಣ್ಣಕತೆ ಹುಟ್ಟಿನಿಂದ ನಗರದ್ದಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಕೆಲವು ಸಣ್ಣ ಕತೆಗಳು’ ಪ್ರಕಟವಾದದ್ದು 1920ರಲ್ಲಿ. ಮುಂದಿನ ಹಲವು ದಶಕಗಳ ಕಾಲ ಕತೆಗಾರರ ಮನಸ್ಸು ಹೆಚ್ಚಾಗಿ ಓಡಾಡಿದ್ದು ಊರಿನ ಅರಳಿಕಟ್ಟೆ, ಅಗ್ರಹಾರ, ಹೊಲಗದ್ದೆಗಳ ಸುತ್ತ. ನಗರವೆಂದರೆ ಓದಲು, ನೌಕರಿಗೆ, ಕೆಲವೊಮ್ಮೆ ಕೆಡಲು ಹೋಗುವ ಜಾಗ.

ಆ ನಗರದ ಬೀದಿಗಿಳಿದು, ಅಲ್ಲಿ ಬಿದ್ದವರನ್ನು ಕತೆಯ ನಡುವೆ ನಿಲ್ಲಿಸಿದವರಲ್ಲಿ ಪ್ರಗತಿಶೀಲ ಸಾಹಿತಿಗಳು ಮುಖ್ಯರು. ನಿರಂಜನರ ‘ಕೊನೆಯ ಗಿರಾಕಿ’ ಕತೆಯನ್ನು ಓದಿದವರು ಅದನ್ನು ಮರೆಯುವುದು ಕಷ್ಟ. ಮಾತು ಬಾರದ ಹೆಣ್ಣೊಬ್ಬಳು ಪಟ್ಟಣದ ಬೀದಿಯಲ್ಲಿ ಮೈಮಾರಿಕೊಂಡು ಬದುಕಬೇಕಾಗಿ ಬಂದ ಕತೆಯದು. ಅವಳಿಗೆ ಹೇಳಿಕೊಳ್ಳಲು ಮಾತಿಲ್ಲ, ನಗರಕ್ಕೆ ಕೇಳಿಸಿಕೊಳ್ಳಲು ಪುರುಸೊತ್ತಿಲ್ಲ. ಈ ಎರಡರ ನಡುವೆ ಕತೆ ನಿಂತಿದೆ.

ನಂತರ ಬಂದವರಲ್ಲಿ ಯಶವಂತ ಚಿತ್ತಾಲರದು ಬೇರೆಯದೇ ದಾರಿ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಅವರು ಮುಂಬೈನಲ್ಲಿ ನೆಲೆಸಿ, ಅಲ್ಲಿಯೇ 2014ರಲ್ಲಿ ನಿಧನರಾದರು. ಅವರ ಕತೆಗಳಲ್ಲಿ ಹನೇಹಳ್ಳಿ ಮತ್ತು ಮುಂಬೈ ಎರಡೂ ಊರುಗಳು ಅಕ್ಕಪಕ್ಕದ ಮನೆಗಳಂತೆ ಇರುತ್ತವೆ. ‘ಕತೆಯಾದಳು ಹುಡುಗಿ’ ಸಂಕಲನಕ್ಕೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗರಕ್ಕೆ ಬಂದವನ ಎದೆಯೊಳಗೆ ಊರು ಹೇಗೆ ಉಳಿದಿರುತ್ತದೆ ಎಂಬುದನ್ನು ಚಿತ್ತಾಲರಷ್ಟು ಆಳವಾಗಿ ತೋರಿದವರು ವಿರಳ.

ಜಯಂತ ಕಾಯ್ಕಿಣಿಯವರ ಮುಂಬೈ

ಇದೇ ದಾರಿಯಲ್ಲಿ ಮುಂದೆ ಬಂದು, ಮಹಾನಗರದ ಸಾಮಾನ್ಯರನ್ನೇ ತಮ್ಮ ಕತೆಗಳ ಒಡೆಯರನ್ನಾಗಿ ಮಾಡಿದವರು ಜಯಂತ ಕಾಯ್ಕಿಣಿ. ‘ಮುಂಗಾರು ಮಳೆ’ಯ ಹಾಡುಗಳಿಂದ 2006ರ ಬಳಿಕ ಅವರ ಹೆಸರು ಮನೆಮಾತಾಯಿತು. ಆದರೆ ಅದಕ್ಕೂ ಬಹಳ ಮೊದಲೇ ಅವರು ಕತೆಗಾರರಾಗಿ ಹೆಸರು ಮಾಡಿದ್ದರು. ಗೋಕರ್ಣದಲ್ಲಿ ಹುಟ್ಟಿದ ಕಾಯ್ಕಿಣಿ ಮುಂಬೈನ ಔಷಧ ತಯಾರಿಕಾ ಸಂಸ್ಥೆಯಲ್ಲಿ ವರ್ಷಗಟ್ಟಲೆ ದುಡಿದವರು. ‘ದಗಡೂ ಪರಬನ ಅಶ್ವಮೇಧ’, ‘ಅಮೃತಬಳ್ಳಿ ಕಷಾಯ’, ‘ತೂಫಾನ್ ಮೇಲ್’ ಮುಂತಾದ ಸಂಕಲನಗಳಲ್ಲಿ ಆ ಮುಂಬೈ ಇದೆ. ಅದು ಸಿನಿಮಾದ ಮುಂಬೈ ಅಲ್ಲ, ಷೇರು ಪೇಟೆಯ ಮುಂಬೈಯೂ ಅಲ್ಲ.

ಅಲ್ಲಿ ಮದುವೆಯ ಮೆರವಣಿಗೆಯಲ್ಲಿ ಮದುಮಗನನ್ನು ಹೊತ್ತ ಬಾಡಿಗೆಯ ಕುದುರೆ ಇದ್ದಕ್ಕಿದ್ದಂತೆ ಓಟ ಕೀಳುತ್ತದೆ. ಆಟ ಮುಗಿದ ಮೇಲೆ ಚಿತ್ರಮಂದಿರವನ್ನು ಗುಡಿಸುವವನಿಗೆ ಸೀಟಿನಡಿಯಲ್ಲಿ ಯಾರೋ ಬಿಟ್ಟುಹೋದ ಥರ್ಮಾಸ್ ಫ್ಲಾಸ್ಕ್ ಸಿಗುತ್ತದೆ. ಹಿಂದೆ ಮುಂದೆ ಯಾರೂ ಇಲ್ಲದ ಹುಡುಗ ಹುಡುಗಿ ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ತಮ್ಮ ಹೆಸರನ್ನು ಹೇಗೆ ಅಚ್ಚು ಹಾಕಿಸಬೇಕೆಂದು ತಲೆಕೆಡಿಸಿಕೊಳ್ಳುತ್ತಾರೆ. ಇವುಗಳಲ್ಲಿ ಯಾವುದೂ ಪತ್ರಿಕೆಯ ಮುಖಪುಟಕ್ಕೆ ಬರುವಂಥದ್ದಲ್ಲ.

ಇವರ 16 ಕತೆಗಳನ್ನು ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ಅನುವಾದಿಸಿದರು. ‘ನೋ ಪ್ರೆಸೆಂಟ್ಸ್ ಪ್ಲೀಸ್’ ಎಂಬ ಆ ಪುಸ್ತಕ 2017ರಲ್ಲಿ ಹೊರಬಂದು, 2018ರ ಸಾಲಿನ ಡಿಎಸ್‌ಸಿ ದಕ್ಷಿಣ ಏಷ್ಯಾ ಸಾಹಿತ್ಯ ಪ್ರಶಸ್ತಿಯನ್ನು ಪಡೆಯಿತು. 25 ಸಾವಿರ ಡಾಲರ್ ಮೊತ್ತದ ಬಹುಮಾನವನ್ನು ಲೇಖಕರೂ ಅನುವಾದಕಿಯೂ ಹಂಚಿಕೊಂಡರು. ತೇಜಸ್ವಿನಿ ಅವರು ‘ಕೊನೆಯ ಗಿರಾಕಿ’ ಬರೆದ ನಿರಂಜನ ಮತ್ತು ಲೇಖಕಿ ಅನುಪಮಾ ನಿರಂಜನ ದಂಪತಿಗಳ ಪುತ್ರಿ ಎಂಬುದು ಇಲ್ಲಿ ಉಲ್ಲೇಖನೀಯ. ತಂದೆ ಕನ್ನಡದಲ್ಲಿ ತೋರಿದ ನಗರದ ಬೀದಿಯ ಜನರನ್ನು, ಇನ್ನೊಬ್ಬರ ಕತೆಗಳ ಮೂಲಕ ಮಗಳು ಜಗತ್ತಿನ ಮುಂದಿಟ್ಟರು.

ಕತೆ ಹೇಗೆ ಕೆಲಸ ಮಾಡುತ್ತದೆ?

ಇಂಥ ಕತೆಗಳ ಹಿಂದೆ ಕೆಲವು ಸರಳ ಕ್ರಮಗಳಿವೆ. ಮೊದಲನೆಯದು, ಕತೆ ವ್ಯಕ್ತಿಯ ಕೆಲಸದಿಂದ ಆರಂಭವಾಗುತ್ತದೆ. ಗುಡಿಸುವುದು, ಚೌಕಟ್ಟು ಹಾಕುವುದು, ಟ್ಯಾಕ್ಸಿ ಓಡಿಸುವುದು ಇತ್ಯಾದಿ. ಕೆಲಸದ ವಿವರ ಸರಿಯಾಗಿದ್ದರೆ ಓದುಗ ನಂಬುತ್ತಾನೆ. ಎರಡನೆಯದು, ಕತೆ ಒಂದು ಸಣ್ಣ ವಸ್ತುವನ್ನು ಹಿಡಿದುಕೊಳ್ಳುತ್ತದೆ. ಫ್ಲಾಸ್ಕ್, ಆಮಂತ್ರಣ ಪತ್ರ, ಬಾಡಿಗೆಯ ಕುದುರೆ. ಆ ವಸ್ತುವಿನ ಸುತ್ತ ಒಬ್ಬನ ಇಡೀ ಬಾಳು ತಾನಾಗಿ ಬಂದು ಸೇರುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಒಳ್ಳೆಯ ಕತೆ ಬಡವನ ಬಗ್ಗೆ ಮರುಗುವುದಕ್ಕೆ ನಿಲ್ಲುವುದಿಲ್ಲ. ಅವನಿಗೂ ಹಟ, ಹೊಟ್ಟೆಕಿಚ್ಚು, ತಮಾಷೆ, ಸಣ್ಣತನ, ಪ್ರೀತಿ ಎಲ್ಲವನ್ನೂ ಕೊಡುತ್ತದೆ. ಬರೀ ಕನಿಕರಕ್ಕೆ ಪಾತ್ರನಾದವನು ಓದುಗನಿಗಿಂತ ಒಂದು ಮೆಟ್ಟಿಲು ಕೆಳಗೇ ಉಳಿಯುತ್ತಾನೆ. ನಗು ಬರಿಸಿದವನು, ಸಿಟ್ಟು ತರಿಸಿದವನು ಓದುಗನ ಪಕ್ಕದಲ್ಲೇ ಬಂದು ಕೂರುತ್ತಾನೆ.

ಬಡತನವೊಂದೇ ಮನುಷ್ಯರನ್ನು ಮರೆಗೆ ತಳ್ಳುತ್ತದೆ ಎಂದೂ ಅಲ್ಲ. ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಪ್ರಕಟವಾದಾಗ, ಸಲಿಂಗಕಾಮಿಯೊಬ್ಬನ ಬದುಕು ಕನ್ನಡದ ಕತೆಗೆ ಮುಚ್ಚುಮರೆಯಿಲ್ಲದೆ ಬಂತು. ಒಳ್ಳೆಯ ಸಂಬಳ, ಮನೆ, ಅಡುಗೆಯ ಅಚ್ಚುಕಟ್ಟು ಎಲ್ಲ ಇದ್ದೂ ನಗರದಲ್ಲಿ ಒಬ್ಬ ಮನುಷ್ಯ ಹೇಗೆ ಅಡಗಿ ಬದುಕಬೇಕಾಗುತ್ತದೆ ಎಂಬುದನ್ನು ಆ ಕತೆಗಳು ಹೇಳಿದವು.

ಸುದ್ದಿ ನಿಲ್ಲುವ ಜಾಗ

ಪತ್ರಿಕೆಗಳು ಇಂಥವರ ಬಗ್ಗೆ ಬರೆಯುವುದಿಲ್ಲವೇ? ಬರೆಯುತ್ತವೆ, ಆದರೆ ಅವರು ಗುಂಪಾಗಿ ಬೀದಿಗಿಳಿದಾಗ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರು ಕಂಡ ಗಾರ್ಮೆಂಟ್ಸ್ ಕಾರ್ಮಿಕರ ಪ್ರತಿಭಟನೆಯನ್ನು ನೆನೆಯಬಹುದು. ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ಹಿಂಪಡೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮ ಅವರನ್ನು ಕೆರಳಿಸಿತ್ತು. ಯಾವ ದೊಡ್ಡ ನಾಯಕರೂ ಮುಂದಿರಲಿಲ್ಲ. ಸಾವಿರಾರು ಮಹಿಳೆಯರು ಹೆದ್ದಾರಿಗಳಿಗೆ ಇಳಿದರು, ಸಂಚಾರ ಸ್ತಬ್ಧವಾಯಿತು. ಎರಡನೆಯ ದಿನ ಹಿಂಸಾಚಾರವೂ ನಡೆಯಿತು. ಅಂದು ಸಂಜೆಯೇ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು.

ಎರಡು ದಿನ ಆ ಮಹಿಳೆಯರು ದೇಶಕ್ಕೇ ಸುದ್ದಿಯಾದರು. ಮೂರನೆಯ ದಿನದಿಂದ ಮತ್ತೆ ಹೊಲಿಗೆ ಯಂತ್ರದ ಹಿಂದೆ ಸರಿದರು. ಅವರಲ್ಲೊಬ್ಬಳು ಆ ಹಣವನ್ನು ಮಗಳ ಕಾಲೇಜಿಗೆ ಇಟ್ಟುಕೊಂಡಿದ್ದಳೋ, ಊರಿನ ಸಾಲಕ್ಕೋ, ಸ್ವಂತದ್ದೊಂದು ಹೊಲಿಗೆ ಯಂತ್ರಕ್ಕೋ? ಆ ಲೆಕ್ಕ ಸುದ್ದಿಯ ಕಾಲಂನಲ್ಲಿ ಹಿಡಿಸುವುದಿಲ್ಲ. ಸುದ್ದಿ ನಿಂತ ಆ ಜಾಗದಿಂದಲೇ ಕತೆಯ ಕೆಲಸ ಶುರುವಾಗುತ್ತದೆ ಎನ್ನಲಡ್ಡಿಯಿಲ್ಲ.

ಗುಬ್ಬಿಯ ಕಳ್ಳ, ಕುಣಿಗಲ್ಲಿನ ಕುದುರೆ

ಮುಂಬೈ, ಬೆಂಗಳೂರಿನ ಮಾತು ತುಮಕೂರು ಸೀಮೆಗೆ ಹೇಗೆ ಸಂಬಂಧಿಸುತ್ತದೆ ಎಂಬ ಪ್ರಶ್ನೆ ಏಳಬಹುದು. ನಂಟು ಹಳೆಯದು. ಬೆಂಗಳೂರಿನಿಂದ ತುಮಕೂರು ಮಾರ್ಗವಾಗಿ ಗುಬ್ಬಿಯವರೆಗೆ ರೈಲು ಓಡತೊಡಗಿದ್ದು 1884ರಲ್ಲಿ. ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದೂ ಅದೇ ವರ್ಷ. ಬಾಲಕನಾಗಿ ಕಂಪನಿ ಸೇರಿ ಮುಂದೆ ಅದರ ಒಡೆಯರೂ ಆದ ಗುಬ್ಬಿ ವೀರಣ್ಣನವರು ‘ಸದಾರಮೆ’ ನಾಟಕದಲ್ಲಿ ಯಾವ ಪಾತ್ರದಿಂದ ಹೆಸರುವಾಸಿಯಾದರು? ರಾಜನ ಪಾತ್ರದಿಂದಲ್ಲ, ಕಳ್ಳನ ಪಾತ್ರದಿಂದ. ನಾಟಕ ರಾಣಿಯದಾದರೂ ಜನ ನೆನಪಿಟ್ಟುಕೊಂಡದ್ದು ಕಳ್ಳನನ್ನು. ಅಂಚಿನಲ್ಲಿ ನಿಂತವನಿಗೆ ರಂಗದ ನಡುವೆ ಜಾಗ ಕೊಟ್ಟರೆ ಏನಾಗುತ್ತದೆ ಎಂಬುದು ಸಣ್ಣಕತೆಗಿಂತ ಮೊದಲೇ ಗುಬ್ಬಿಯವರಿಗೆ ಗೊತ್ತಿತ್ತು.

ಕುಣಿಗಲ್ಲಿನದು ಇನ್ನೊಂದು ಬಗೆ. ಟಿಪ್ಪು ಸುಲ್ತಾನನ ಕಾಲದ ನಂಟು ಹೇಳಲಾಗುವ ಅಲ್ಲಿನ ಕುದುರೆ ಫಾರಂ ರೇಸಿನ ಲೋಕದಲ್ಲಿ ಹೆಸರು ಪಡೆದಿತ್ತು. ರೇಸಿನ ಕುದುರೆಯ ತಂದೆ ಯಾರು, ತಾಯಿ ಯಾರು, ಅಜ್ಜ ಗೆದ್ದ ಪಂದ್ಯ ಯಾವುದು ಎಂಬುದೆಲ್ಲ ತಲೆಮಾರುಗಳವರೆಗೆ ದಾಖಲೆಯಲ್ಲಿರುತ್ತದೆ. ಅದರ ಮೈ ಉಜ್ಜಿ, ಲದ್ದಿ ಬಾಚಿ, ರಾತ್ರಿ ಲಾಯದಲ್ಲಿ ಮಲಗಿದವನಿಗೆ ಅಂಥ ವಂಶಾವಳಿಯ ಪುಸ್ತಕವಿಲ್ಲ. ಊರಿನ ಕೆರೆಯನ್ನು ಹಾಡಿ ಹೊಗಳಿದ ಜನಪದ ಕವಿಗೂ ಹೆಸರಿಲ್ಲ, ಹಾಡು ಮಾತ್ರ ನಾಡಿಗೆಲ್ಲ ಗೊತ್ತು.

ಸಣ್ಣ ಊರೂ ಸಾಕು

ಸಾಮಾನ್ಯರ ಕತೆಗೆ ಮಹಾನಗರವೇ ಬೇಕೆಂದೇನೂ ಇಲ್ಲ. ಕುಣಿಗಲ್ ಮೂಲಕ ಬೆಂಗಳೂರು–ಹಾಸನ ನೇರ ರೈಲು ಮಾರ್ಗ 2017ರಲ್ಲಿ ತೆರೆಯಿತು. ಆ ಮಾರ್ಗದ ಕೊನೆಯ ಊರಾದ ಹಾಸನದಲ್ಲಿದ್ದುಕೊಂಡೇ, ವಕೀಲೆಯಾಗಿ ದುಡಿಯುತ್ತ ಬರೆದವರು ಬಾನು ಮುಷ್ತಾಕ್. ಮುಸ್ಲಿಂ ಮನೆಗಳ ಒಳಗಿನ ಹೆಣ್ಣುಮಕ್ಕಳ ಬಾಳನ್ನು ಕುರಿತ ಅವರ 12 ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಆಗಿ, 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಗೆದ್ದವು. ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಬಾನು ಅವರು ಬೆಳೆದು ಬಂದ ಬಂಡಾಯ ಸಾಹಿತ್ಯ ಚಳವಳಿಯನ್ನು 1979ರಲ್ಲಿ ಕಟ್ಟಿದವರಲ್ಲಿ ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ಬರಗೂರಿನವರಾದ ಬರಗೂರು ರಾಮಚಂದ್ರಪ್ಪ ಪ್ರಮುಖರು.

ಈಗ ತುಮಕೂರೇ ನಗರವಾಗಿ ಬೆಳೆಯುತ್ತಿದೆ. 2011ರಲ್ಲೇ ಇಲ್ಲಿನ ಜನಸಂಖ್ಯೆ ಮೂರು ಲಕ್ಷ ದಾಟಿತ್ತು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ವಸಂತನರಸಾಪುರದಲ್ಲಿ ಕೈಗಾರಿಕೆಗಳು ತಲೆಯೆತ್ತಿವೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಎಕರೆ, ಕೋಟಿ, ದಿನಾಂಕ ಎಲ್ಲವೂ ಕಡತದಲ್ಲಿವೆ. ಕಾರ್ಖಾನೆಯ ಗೇಟಿನೆದುರು ಟೀ ಮಾರುವವಳು, ಹೊರರಾಜ್ಯದಿಂದ ಬಂದು ಶೆಡ್ಡಿನಲ್ಲಿ ಉಳಿದ ಗಾರೆ ಕೆಲಸದವನು, ಹೊಲ ಮಾರಿ ಅದೇ ಜಾಗದ ಕಾಂಪೌಂಡಿಗೆ ಕಾವಲು ನಿಂತವನು, ಇವರು ಯಾವ ಕಡತದಲ್ಲಿ ಸಿಗುತ್ತಾರೆ?

ಇದುವರೆಗೆ ತುಮಕೂರಿನವರು ನಗರಕ್ಕೆ ಹೋಗಿ ಹೆಸರಿಲ್ಲದವರಾಗುತ್ತಿದ್ದರು. ಇನ್ನು ಮುಂದೆ ತುಮಕೂರಿಗೇ ಹೆಸರಿಲ್ಲದವರು ಬಂದು ಸೇರುತ್ತಾರೆ. ಅವರನ್ನು ಈ ಊರು ಹೇಗೆ ನೋಡುತ್ತದೆ ಎಂಬುದು ಬರೀ ಸಾಹಿತ್ಯದ ಪ್ರಶ್ನೆಯಲ್ಲ. ಹೆಸರು ಗೊತ್ತಿರುವ ಮನುಷ್ಯನ ಕೂಲಿ ಹಿಡಿಯುವುದು, ಮನೆ ಖಾಲಿ ಮಾಡಿಸುವುದು ಅಷ್ಟು ಸುಲಭವಲ್ಲ. ಕತೆ ಕೂಲಿ ಕೊಡಿಸುವುದಿಲ್ಲ, ನಿಜ. ಆದರೆ ಎದುರಿಗೆ ನಿಂತವನು ಮನುಷ್ಯನೆಂಬ ನೆನಪನ್ನು ಅದು ಕೊಡಬಲ್ಲದು.

ರಾತ್ರಿಯ ಗಾಡಿ ತುಮಕೂರು ತಲುಪುವ ವೇಳೆಗೆ ಡಬ್ಬಿಗಳು ಖಾಲಿಯಾಗಿರುತ್ತವೆ. ಅರ್ಧ ಜನ ತೂಕಡಿಸುತ್ತಿರುತ್ತಾರೆ. ದಿನವೂ ಎದುರು ಸೀಟಿನಲ್ಲಿ ಕೂರುವವರ ಇಳಿಯುವ ನಿಲ್ದಾಣ ಯಾವುದೆಂದು ಎಲ್ಲರಿಗೂ ಗೊತ್ತು. ನಾಳೆ ಬೆಳಿಗ್ಗೆ ಅವರ ಹೆಸರನ್ನೂ ಕೇಳಿದರೆ, ಕತೆಯೊಂದು ಅಲ್ಲಿಂದಲೇ ಆರಂಭವಾದೀತು.