ಮಗುವನ್ನು ಮುಟ್ಟುವ ಮುನ್ನ

ಪುತ್ತೂರು, ಸುಳ್ಯ, ಕಡಬದ ಹಳೆಯ ಮನೆಗಳಲ್ಲಿ ಹೊರಗಿನಿಂದ ಬಂದವರು ಬಾಣಂತಿ ಕೋಣೆಗೆ ನೇರ ನುಗ್ಗುವಂತಿಲ್ಲ. ‘ಮೊದಲು ಕೈಕಾಲು ತೊಳೆದು ಬಾ’ ಎಂದು ಅಜ್ಜಿ ಬಾಗಿಲಲ್ಲೇ ತಡೆಯುತ್ತಾರೆ. ಈ ಮಾತು ಆಸ್ಪತ್ರೆಯ ನಿಯಮವಾಗಲು ಮಾತ್ರ ಬಹಳ ಕಾಲ ಹಿಡಿಯಿತು.

1847ರಲ್ಲಿ ವಿಯೆನ್ನಾದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್, ಹೆಣ ಕೊಯ್ದು ಹೆರಿಗೆ ವಾರ್ಡಿಗೆ ಬರುತ್ತಿದ್ದ ವೈದ್ಯರಿಗೆ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಲು ಹೇಳಿದರು. ಹಿಂದಿನ ವರ್ಷ ಅಲ್ಲಿ ನೂರಕ್ಕೆ 11 ಬಾಣಂತಿಯರು ಸತ್ತಿದ್ದರು. 1848ರಲ್ಲಿ ಅದು ಒಂದೂಕಾಲಕ್ಕಿಳಿಯಿತು. ಆದರೂ ಹಿರಿಯ ವೈದ್ಯರು ಒಪ್ಪಲಿಲ್ಲ. ನನ್ನ ಕೈಯೇ ಕೊಂದಿತು ಎನ್ನಲು ಯಾರಿಗೆ ಬಾಯಿ ಬರುತ್ತದೆ?

ಒಪ್ಪಿದ ಮೇಲೂ ತೊಡಕು ಉಳಿಯಿತು: ನಲ್ಲಿ ದೂರ, ಕೆಲಸ ಹೆಚ್ಚು. ಜಿನೀವಾದ ಆಸ್ಪತ್ರೆಯಲ್ಲಿ ವೈದ್ಯ ಡಿಡಿಯರ್ ಪಿಟೆ ಅವರ ತಂಡ ಆಲ್ಕೋಹಾಲ್ ದ್ರಾವಣದ ಬಾಟಲಿಯನ್ನು ಹಾಸಿಗೆಯ ಬಳಿಗೇ ತಂದಿತು. ಅಲ್ಲಿ 1994ರಲ್ಲಿ ಶೇ 48ರಷ್ಟಿದ್ದ ಕೈ ಶುಚಿಯ ಪಾಲನೆ 1997ಕ್ಕೆ ಶೇ 66 ಆಯಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೈ ಶುಚಿ ಮಾಡಲೇಬೇಕಾದ ಐದು ಸಂದರ್ಭಗಳನ್ನು ಗೊತ್ತುಮಾಡಿತು. ಶಿಶು ವಾರ್ಡಿನಲ್ಲಾದರೆ, ಮಗುವನ್ನು ಮುಟ್ಟುವ ಮೊದಲು, ಮುಟ್ಟಿದ ಮೇಲಷ್ಟೇ ಅಲ್ಲ, ಅದರ ತೊಟ್ಟಿಲು, ಮಾನಿಟರ್ ಮುಟ್ಟಿದ ಮೇಲೂ.

ಕಡಬದಲ್ಲಿ ತೂಕ ಕಡಿಮೆಯ ಮಗು ಹುಟ್ಟಿತೆನ್ನಿ. ಸಮುದಾಯ ಆಸ್ಪತ್ರೆಯಿಂದ ಪುತ್ತೂರಿಗೆ, ಅಲ್ಲಿಂದ ಮಂಗಳೂರಿನ ಲೇಡಿಗೋಷನ್ ಇಲ್ಲವೇ ವೆನ್ಲಾಕ್ ಆಸ್ಪತ್ರೆಗೆ ಸಾಗುವಾಗ ಅದು ಎಷ್ಟೋ ಕೈ ದಾಟುತ್ತದೆ. ನವಜಾತ ಶಿಶು ಘಟಕದ ನಿಯಮ ಹೀಗಿದೆ: ಬಳೆ, ಉಂಗುರ, ವಾಚು ತೆಗೆದು ಮೊಣಕೈವರೆಗೆ ಎರಡು ನಿಮಿಷ ತೊಳೆಯಬೇಕು. ನಲ್ಲಿ ನಿಲ್ಲಿಸುವುದೂ ಮೊಣಕೈಯಿಂದಲೇ. ಕ್ರಮ ಮರೆಯದಿರಲು ಸಿಸ್ಟರ್‌ಗಳಿಗೆ ಹಿಂದಿ ಪದಗಳ ಮೊದಲಕ್ಷರಗಳ ‘ಸುಮನ್-ಕೆ’ ಸೂತ್ರವಿದೆ: ಅಂಗೈ, ಹಿಂಗೈ, ಮುಷ್ಟಿ, ಹೆಬ್ಬೆರಳು, ಉಗುರು, ಮಣಿಕಟ್ಟು. ಒಳಗೆ ಹೋದ ಮೇಲೆ ಪ್ರತಿ ಮಗುವಿಗೂ ಮತ್ತೆ 20 ಸೆಕೆಂಡ್.

ಪಾಳಿಯೊಂದರಲ್ಲಿ ನೂರು ಸಲ ತೊಳೆದರೆ ಅರ್ಧ ಗಂಟೆಗೂ ಹೆಚ್ಚು ಅದಕ್ಕೇ ಹೋಯಿತು. ಒಬ್ಬರೇ ಸಿಸ್ಟರ್, ಏಳೆಂಟು ಮಕ್ಕಳೆಂದರೆ ಗೋಡೆಯ ಪೋಸ್ಟರ್ ಏನು ಮಾಡೀತು? ನಿಯಮ ನಡೆಯುವುದು ಕೈಗೆಟಕುವ ಏರ್ಪಾಡಿನಿಂದ. ತೊಳೆದ ಕೈ ಒರೆಸುವುದನ್ನೇ ನೋಡಿ. ಎಲ್ಲರೂ ಒಂದೇ ಟವೆಲಿಗೆ ಒರೆಸಿದರೆ ತೊಳೆದದ್ದು ದಂಡ. ಟಿಶ್ಯೂ ಎಲ್ಲೆಡೆ ಸಿಗದು. ಅದಕ್ಕೆ ನಮ್ಮ ಶಿಶು ಘಟಕಗಳ ಮಾರ್ಗಸೂಚಿಯೇ ದಾರಿ ಹೇಳಿದೆ: ಹಳೆಯ ಪತ್ರಿಕೆಯನ್ನು ತುಂಡು ಮಾಡಿ, ಆಟೋಕ್ಲೇವ್‌ನಲ್ಲಿ ಹಬೆಗಿಟ್ಟು, ಒಂದು ಸಲಕ್ಕೆ ಒಂದು ತುಂಡು.

ನೀವು ಈಗ ಓದುತ್ತಿರುವ ಈ ಹಾಳೆಗೂ ಅಂಥದ್ದೊಂದು ಕೆಲಸ ಬಾಕಿ ಇರಬಹುದು.